ಟ್ರ್ಯಾಕ್ಟರಿನ ಗೇರುಪೆಟ್ಟಿಗೆಯ ಎಣ್ಣೆ ಬದಲಾವಣೆ

(ರೈತರಿಗಾಗಿ ನೀಡಿದ ಭಾಷಣದ ಪಾಠ)



ಇಂಜಿನ್ ಆಯಿಲ್ ಬದಲಾಯಿಸಲು ಮರೆಯುವ ಟ್ರ್ಯಾಕ್ಟರ್ ಮಾಲೀಕರು ಕಡಿಮೆ. ಆದರೆ ಗೇರುಪೆಟ್ಟಿಗೆಯ ಎಣ್ಣೆಯನ್ನು ಟ್ರ್ಯಾಕ್ಟರ್ ಕೊಂಡಂದಿನಿಂದ ಕಣ್ಣೆತ್ತಿ ನೋಡದವರು ಬಹಳ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಗೇರು, ಡಿಫರೆನ್ಷಿಯಲ್, ನೇಗಿಲನ್ನು ಎತ್ತುವ ಹೈಡ್ರಾಲಿಕ್ ಈ ಮೂರಕ್ಕೂ ಒಂದೇ ಎಣ್ಣೆ. ಅದು ಕೆಟ್ಟರೆ ಮೂರಕ್ಕೂ ಪೆಟ್ಟು. ನಾಟಿಯ ಗಡಿಬಿಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಿ ಕೂರಬೇಕಾದ ರೈತನಿಗೆ ರಿಪೇರಿ ಖರ್ಚಿಗಿಂತ ಹದ ತಪ್ಪಿದ ನಷ್ಟವೇ ದೊಡ್ಡದು.

ಗಂಗಾವತಿ, ಸಿಂಧನೂರು ಕಡೆಯ ತುಂಗಭದ್ರಾ ಅಚ್ಚುಕಟ್ಟಿನಂತೆ ಕೇಜ್ ವೀಲ್ ಕಟ್ಟಿ ಕೆಸರುಗದ್ದೆ ಉಳುವಲ್ಲಿ ಈ ಎಣ್ಣೆಗೆ ಮುಖ್ಯ ಶತ್ರು ನೀರು. ದುಡಿದು ಬಿಸಿಯಾದ ಪೆಟ್ಟಿಗೆಗೆ ತಣ್ಣೀರು ತಾಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಸವೆದ ಆಯಿಲ್ ಸೀಲು, ಗೇರ್ ಲಿವರಿನ ಹರಿದ ರಬ್ಬರು, ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ ನೀರನ್ನು ಒಳಗೆಳೆಯುತ್ತದೆ. ಕೆಲಸ ಮುಗಿದ ಕೂಡಲೇ ಟ್ರ್ಯಾಕ್ಟರನ್ನು ಕಾಲುವೆಗೆ ಇಳಿಸಿ ತೊಳೆಯುವ ಅಭ್ಯಾಸ ಅಷ್ಟೇ ಕೆಟ್ಟದ್ದು.

ಅಳತೆ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ ಎಂದೇ ತಿಳಿಯಬೇಕು. ಸಂಶಯವಿದ್ದರೆ ಒಂದು ಹನಿಯನ್ನು ಕಾದ ತಗಡಿನ ಮೇಲೆ ದೂರದಿಂದ ಬಿಡಿ. ಚಟಚಟ ಸಿಡಿದರೆ ನೀರಿದೆ. ಆಗ ಗಂಟೆಗಳ ಲೆಕ್ಕ ನೋಡದೆ ಎಣ್ಣೆ ತೆಗೆಯಬೇಕು. ನೀರು ಹೊಕ್ಕ ದಾರಿಯನ್ನು ಮುಚ್ಚದೆ ಹೊಸ ಎಣ್ಣೆ ಹಾಕಿದರೆ ದುಡ್ಡು ದಂಡ. ನೀರು ಸೇರದಿದ್ದರೆ ಅನೇಕ ಮಾದರಿಗಳಿಗೆ 1000 ಗಂಟೆಗೊಮ್ಮೆ ಬದಲಾವಣೆ. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯ ಮಾತೇ ಕೊನೆಯದು.

ಎಣ್ಣೆ ತೆಗೆಯುವ ಮೊದಲು ಟ್ರ್ಯಾಕ್ಟರನ್ನು ಸ್ವಲ್ಪ ಹೊತ್ತು ಓಡಿಸಿ. ಎಣ್ಣೆ ತೆಳುವಾಗಿ ಕಸರೂ ಅದರೊಡನೆ ಹೊರಬರುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಸಮನೆಲದಲ್ಲಿ ನಿಲ್ಲಿಸಿ, ಹೈಡ್ರಾಲಿಕ್ ತೋಳುಗಳನ್ನು ಪೂರ್ತಿ ಇಳಿಸಿ, ಇಂಜಿನ್ ಆರಿಸಿ ಬ್ರೇಕು ಹಾಕಿ. ಕೆಳಗಿನ ಬಿರಡೆ ಒಂದೇ ಇರಲಿಕ್ಕಿಲ್ಲ, ಎಲ್ಲವನ್ನೂ ಬಿಚ್ಚಬೇಕು. ಅಯಸ್ಕಾಂತದ ಬಿರಡೆಗೆ ನುಣ್ಣನೆಯ ಕಬ್ಬಿಣದ ಪುಡಿ ಅಂಟಿರುವುದು ಸಹಜ. ಹಲ್ಲಿನ ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ. ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು, ಫಿಲ್ಟರ್ ಹೊಸದು ಹಾಕಿ. ಒರೆಸಲು ಹತ್ತಿಯ ವೇಸ್ಟ್ ಬಳಸಿದರೆ ಅದರ ಎಳೆ ಪಂಪಿಗೆ ಹೋಗುತ್ತದೆ.

ಎಣ್ಣೆಯ ಆಯ್ಕೆಯಲ್ಲಿ ತಪ್ಪುವವರೇ ಹೆಚ್ಚು. ಎಣ್ಣೆಯಲ್ಲಿ ಮುಳುಗಿದ ಬ್ರೇಕುಳ್ಳ ಟ್ರ್ಯಾಕ್ಟರುಗಳಿಗೆ ಅದಕ್ಕೆಂದೇ ತಯಾರಾದ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್ ಬೇಕು. ಅಂಗಡಿಯವನು ಕೊಟ್ಟನೆಂದು ಹಳೆಯ 90 ನಂಬರಿನ ಗೇರ್ ಆಯಿಲ್ ಸುರಿದರೆ ಬ್ರೇಕು ಕಿರುಗುಟ್ಟಿ ತಟ್ಟೆಗಳು ಹಾಳಾಗುತ್ತವೆ.

ಗುರುತಿನವರೆಗೆ ತುಂಬಿದ ಮೇಲೆ ಇಂಜಿನ್ ನಡೆಸಿ ತೋಳುಗಳನ್ನು ನಾಲ್ಕಾರು ಸಲ ಎತ್ತಿ ಇಳಿಸಿ. ಮಟ್ಟ ತಗ್ಗುತ್ತದೆ, ಇಂಜಿನ್ ಆರಿಸಿ, ಮತ್ತೆ ಅಳೆದು ಸರಿಪಡಿಸಿ. ಮಿತಿಮೀರಿ ತುಂಬಿದರೆ ನೊರೆ ಬರುತ್ತದೆ.

ತೆಗೆದ ಎಣ್ಣೆಯನ್ನು ಬಾವಿ, ಕಾಲುವೆಗಳ ಬಳಿ ಸುರಿಯಬಾರದು. ಉಣ್ಣೆಗೆಂದು ದನದ ಮೈಗೆ ಬಳಿಯುವುದಂತೂ ಬೇಡವೇ ಬೇಡ. ಡಬ್ಬಿಯಲ್ಲಿ ಮುಚ್ಚಿಟ್ಟು ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ತೆಗೆಯುವ ಮುನ್ನ ಬಿರಡೆಗಳ ಕೆಳಗೆ ನೆಲ ಒದ್ದೆಯಾಗಿದೆಯೇ ನೋಡಿ.