ಅಬೂಕಿರ್‌ನಲ್ಲಿ ಕೈ ಬದಲಾದ ಪ್ಲಗ್ಗು

17ನೇ ವಯಸ್ಸು. ಬೈಕಿನ ಕೀಲಿ ಕೊಡಲೂ ಅಪ್ಪ ನೂರು ಸಲ ಯೋಚಿಸುವ ವಯಸ್ಸು. ಆ ವಯಸ್ಸಿನಲ್ಲಿ, 1930ರ ಬೇಸಗೆಯಲ್ಲಿ, ಆಸ್ಪಿ ಎಂಜಿನಿಯರ್ ಎಂಬ ಹುಡುಗ ಇಂಗ್ಲೆಂಡಿನ ಕ್ರಾಯ್ಡನ್‌ನಿಂದ ಕರಾಚಿಗೆ ಒಬ್ಬನೇ ವಿಮಾನ ಹಾರಿಸಿಕೊಂಡು ಬಂದ!

ಎಂಥ ವಿಮಾನ ಅದು? ಜಿಪ್ಸಿ ಮಾತ್. ಮರದ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ತಲೆಯ ಮೇಲೆ ಸೂರಿಲ್ಲ, ಮಾತಾಡಲು ರೇಡಿಯೊ ಇಲ್ಲ. ಗಂಟೆಗೆ ಸುಮಾರು 85 ಮೈಲಿ ವೇಗ. ನಕ್ಷೆ ನೋಡಿಕೊಂಡು, ದಿಕ್ಸೂಚಿ ನಂಬಿಕೊಂಡು, ಸಮುದ್ರ ದಾಟಿ, ಮರಳುಗಾಡು ದಾಟಿ, ಎಂಜಿನ್ ಕೆಮ್ಮಿದರೆ ಎಲ್ಲಿ ಇಳಿಯುವುದೆಂದು ಕೆಳಗೆ ಕಣ್ಣಿಟ್ಟುಕೊಂಡೇ ಹಾರಬೇಕು. ಹಾರಿದ.

ಇಂಗ್ಲೆಂಡ್–ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್ ಎಂದು ಆಗಾ ಖಾನ್ ಸಾರಿದ್ದರು. ಕಣಕ್ಕಿಳಿದವರು ಮೂವರು. ಮನಮೋಹನ್ ಸಿಂಗ್ ಎಂಬ ತರುಣ ಗುರಿ ಮುಟ್ಟಿದರೂ ಗಡುವು ಮೀರಿತ್ತು. ಇನ್ನೊಬ್ಬರು 25ರ ಜೆ.ಆರ್.ಡಿ. ಟಾಟಾ, ಅವರು ಕರಾಚಿಯಿಂದ ಎದುರು ದಿಕ್ಕಿನಲ್ಲಿ ಹೊರಟಿದ್ದರು. ಈಜಿಪ್ಟಿನ ಅಬೂಕಿರ್‌ನಲ್ಲಿ ಇಳಿದು ನೋಡಿದರೆ, ಆಸ್ಪಿ ಅಲ್ಲೇ ಸಿಕ್ಕಿಕೊಂಡಿದ್ದಾನೆ. ಎದೆಗಾರಿಕೆಗೆ ಕೊರತೆಯಿಲ್ಲ, ಇಲ್ಲದ್ದು ಹೆಬ್ಬೆರಳು ಗಾತ್ರದ ಸ್ಪಾರ್ಕ್ ಪ್ಲಗ್ಗು! ಜೆ.ಆರ್.ಡಿ. ತಮ್ಮ ಹೆಚ್ಚುವರಿ ಪ್ಲಗ್ಗುಗಳನ್ನು ತೆಗೆದು ಕೊಟ್ಟರು. ಪೈಪೋಟಿಗೆ ನಿಂತವನಿಗೇ ಕೊಟ್ಟರು. ಆಸ್ಪಿ ಗೆದ್ದ.

ಅದೇ ಜೆ.ಆರ್.ಡಿ. 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದರು. ಆ ಚೀಲಗಳು ಮದ್ರಾಸಿಗೆ ಹೋದದ್ದು ನಮ್ಮ ಬಳ್ಳಾರಿಯ ಮೇಲೆ. ಆಸ್ಪಿ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ನಡೆಸಿದರು, 1960ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು.

ಅದೇ ಕಾರ್ಖಾನೆಯಲ್ಲಿ ಇಂದು ತೇಜಸ್ ಯುದ್ಧವಿಮಾನ ಸಿದ್ಧವಾಗುತ್ತದೆ. ರೆಕ್ಕೆ ನಮ್ಮದು, ಮೈ ನಮ್ಮದು. ಎಂಜಿನ್? ಅಮೆರಿಕದ್ದು. ಅದು ಬರುವುದು ತಡವಾಗಿ ಹೊಸ ತೇಜಸ್‌ಗಳು ನೆಲದಲ್ಲೇ ಕಾದದ್ದನ್ನು ನಾವು ಕಂಡಿದ್ದೇವೆ. ಇದು ಅಬೂಕಿರ್ ಅಲ್ಲದೆ ಮತ್ತೇನು?

ನಮ್ಮದೇ ಎಂಜಿನ್‌ಗೆ ಕಾವೇರಿ ಎಂದು ಹೆಸರಿಟ್ಟು ದಶಕಗಳಾದವು, ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಅದರ ಕೆಲಸ ನಡೆದೇ ಇದೆ, ತೇಜಸ್‌ನ ಒಡಲಿಗೆ ಇನ್ನೂ ಸೇರಿಲ್ಲ. ಹಂಗಿಸುವುದು ಸುಲಭ, ನಾನೂ ಹಂಗಿಸಿದ್ದುಂಟು. ಆದರೆ ಲೋಹವೇ ಕರಗಿಹೋಗುವಂಥ ಬಿಸಿಗಾಳಿಯ ನಡುವೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಯೂ ಕರಗದ ಅಲಗನ್ನು ಮಾಡುವುದು ಹುಡುಗಾಟವಲ್ಲ. ಆ ವಿದ್ಯೆಯನ್ನು ಯಾರೂ ಸುಲಭವಾಗಿ ಮಾರುವುದಿಲ್ಲ, ನಾವೇ ಬೆವರು ಸುರಿಸಿ ಕಲಿಯಬೇಕು.

ಯಾರು ಕಲಿಯಬೇಕು? ಸುರತ್ಕಲ್‌ನಲ್ಲಿ ಲೋಹಶಾಸ್ತ್ರ ಓದುತ್ತಿರುವ ನೀವು. ಪಾಲಿಟೆಕ್ನಿಕ್ಕಿನ ಲೇತಿನ ಮುಂದೆ ಕೈ ಮಸಿ ಮಾಡಿಕೊಂಡು, ಇದರಿಂದ ಏನಾದೀತು ಎಂದು ಕೊರಗುತ್ತಿರುವ ನೀವು. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ವಿಮಾನ ಬರೆಯುವ ಹತ್ತನೇ ಕ್ಲಾಸಿನ ತಂಗಿ, ನೀನೂ!

ಅಬೂಕಿರ್‌ನಲ್ಲಿ ಕಾದಿದ್ದವನಿಗೆ ಪ್ಲಗ್ಗು ಕೊಟ್ಟವರು ಈ ನೆಲದವರೇ. ಈಗ ತೇಜಸ್ ಕಾಯುತ್ತಿದೆ. ನಿಮ್ಮ ಚೀಲದಲ್ಲಿ ಏನಿದೆ, ತೆಗೆಯಿರಿ ನೋಡೋಣ.