ಕೆಂಪುಕೋಟೆಯ ಮೇಲೆ ನಮ್ಮೂರ ನೂಲು



ದಿಲ್ಲಿ ನೋಡಿ ಬಂದವರನ್ನು ಮಾತಿಗೆಳೆದರೆ ಕುತುಬ್ ಮಿನಾರ್, ಇಂಡಿಯಾ ಗೇಟ್, ಪರಾಠಾ ಗಲ್ಲಿ ಎಲ್ಲಾ ಬರುತ್ತವೆ. ಕೆಂಪುಕೋಟೆ ಬಂದಾಗ ಮಾತ್ರ ನಾನು ಒಂದು ಪ್ರಶ್ನೆ ಕೇಳುತ್ತೇನೆ: ತಲೆ ಎತ್ತಿ ಬಾವುಟ ನೋಡಿದಿರಾ?

ಕೋಟೆ ಷಹಜಹಾನನದು. 1639ರಲ್ಲಿ ಶುರುವಾಗಿ 1648ರಲ್ಲಿ ಮುಗಿಯಿತು. ಅಲ್ಲಿ ನೆಹರೂ ತ್ರಿವರ್ಣ ಹಾರಿಸಿದ್ದು 1947ರ ಆಗಸ್ಟ್ 16ರಂದು. ಹೌದು, 15ರಂದಲ್ಲ, ಮರುದಿನ.

ಆದರೆ ಕಲ್ಲಿಗಿಂತ ನನಗೆ ಬಾವುಟದ ಬಟ್ಟೆಯ ಕಥೆ ಹೆಚ್ಚು ಇಷ್ಟ. ಅದು ನಮ್ಮ ಹುಬ್ಬಳ್ಳಿಯ ಬೆಂಗೇರಿಯದು. ಕೆಂಪುಕೋಟೆಯ ಬಾವುಟ ತಯಾರಿಸುವ, 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಧ್ವಜದ ಖಾದಿ ನೇಯುವುದರಲ್ಲಿ ಧಾರವಾಡ ತಾಲೂಕಿನ ಗರಗಕ್ಕೂ ಹಳೆಯ ಹೆಸರಿದೆ. ಬೆಂಗೇರಿಯಲ್ಲಿ ಕೆಲಸ ಮಾಡುವವರು ಬಹುಪಾಲು ಹೆಣ್ಣುಮಕ್ಕಳು. ಬಟ್ಟೆಗೆ ಕೇಸರಿ, ಹಸಿರು ಬಣ್ಣ ಹಾಕಬೇಕು. ಬಿಳಿಯ ಪಟ್ಟಿಯ ಎರಡೂ ಬದಿಗೆ ಚಕ್ರ ಅಚ್ಚಾಗಬೇಕು. ಇಪ್ಪತ್ನಾಲ್ಕು ಅರಗಳು ಆ ಕಡೆ ಈ ಕಡೆ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಕೂದಲೆಳೆ ಆಚೀಚೆ ಆದರೂ ಕಣ್ಣಿಗೆ ಕುಕ್ಕುತ್ತದೆ. ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು. ನಿಗದಿತ ಅಳತೆಗಳಲ್ಲಿ ಅತಿ ದೊಡ್ಡ ಧ್ವಜ 21 ಅಡಿ ಉದ್ದ, 14 ಅಡಿ ಅಗಲ. ಅದನ್ನು ಹೊಲಿಯಲು ಹಾಸಿದರೆ ಕೋಣೆಯೇ ತುಂಬೀತು!

2021ರ ಕೊನೆಗೆ ನಿಯಮ ಬದಲಾಗಿ, ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಅಗ್ಗ, ನಿಜ. ಕೈನೂಲಿನವರಿಗೆ ಅದು ಹಗುರಾದ ಸುದ್ದಿಯಾಗಿರಲಿಲ್ಲ.

ಮುಂದಿನ ಸಲ ದಿಲ್ಲಿ ರೈಲು ಹತ್ತುವ ಮುಂಚೆ ಒಂದು ಮುಂಜಾನೆ ಬೆಂಗೇರಿಗೆ ಹೋಗಿ ಬನ್ನಿ. ಆಟೋದವರಿಗೆ ‘ಖಾದಿ ಸಂಘ’ ಅಂದರೆ ಸಾಕು.