ಆಲ್-ವೀಲ್ ಡ್ರೈವ್ ಇದ್ರೂ ಚೈನ್ ಯಾಕೆ ಬೇಕು?

ನಾನು ದಾವಣಗೆರೆಯವನು, ಒಂಬತ್ತು ವರ್ಷದಿಂದ ಪುಣೆಯ ಖರಾಡಿಯಲ್ಲಿ ಕೋಡ್ ಬರೀತಿದ್ದೀನಿ. ಖರಾಡಿಯಲ್ಲಿ ಹಿಮ ಅಂದ್ರೆ ಫ್ರಿಜ್ಜಿನ ಮೇಲಿನ ಖಾನೆ, ಅಷ್ಟೇ. ಆದ್ರೂ ಡಿಸೆಂಬರ್ ಬಂತು ಅಂದ್ರೆ ಅರ್ಧ ಟೀಮ್ ಮನಾಲಿಗೆ ಹೊರಡುತ್ತೆ. ಮೊದಲು ಚಳಿಗಾಲದಲ್ಲಿ 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್ ಮುಚ್ಚಿರ್ತಿತ್ತು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ, ನಮ್ಮಂಥವರೂ ಚಳಿಗಾಲದಲ್ಲಿ ಲಾಹೌಲ್ ಕಡೆ ನುಗ್ಗೋಕೆ ಶುರು ಮಾಡಿದ್ವಿ.

ನಾನೂ ಹೋದೆ. ಹೊಸ ಆಲ್-ವೀಲ್ ಡ್ರೈವ್ ಗಾಡಿ, ಹಿಂದಿನ ಸೀಟಿನಲ್ಲಿ ಹೆಂಡತಿ, ಆರು ವರ್ಷದ ಮಗಳು. ಏರು ದಾರಿಯಲ್ಲಿ ಟ್ಯಾಕ್ಸಿಗಳು ಒದ್ದಾಡ್ತಿದ್ರೆ ನಾನು ಸಲೀಸಾಗಿ ಹತ್ತಿದೆ. ಡಿಕ್ಕಿಯಲ್ಲಿದ್ದ ಚೈನ್ ಚೀಲ ಬಿಚ್ಚಲೇ ಇಲ್ಲ. ಸಂಜೆ ಸೋಲಾಂಗ್ ಕಡೆ ಇಳೀವಾಗ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ. ನಡೆಯೋ ವೇಗದಲ್ಲಿ, ಸದ್ದಿಲ್ಲದೆ, ಅಂಚಿನ ಕಡೆ ಜಾರ್ತಾ ಹೋಯ್ತು. ಬದಿಯಲ್ಲಿ ಗುಡ್ಡೆ ಹಾಕಿದ್ದ ಹಿಮಕ್ಕೆ ತಾಗಿ ನಿಂತಿತು. "ಅಪ್ಪಾ, ಇನ್ನೊಂದ್ಸಲ!" ಅಂದಳು ಮಗಳು. ನನ್ನ ಕೈ ನಡುಗ್ತಿತ್ತು.

ಅವತ್ತು ಅರ್ಥ ಆಗಿದ್ದು ಇದು: ಆಲ್-ವೀಲ್ ಡ್ರೈವ್ ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಕ್ಕೆ ಹಂಚುತ್ತೆ, ಹಾಗಾಗಿ ಹೊರಡೋದು ಸುಲಭ. ನಿಲ್ಲೋದಕ್ಕೆ ಅದು ಸಹಾಯ ಮಾಡಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತೆ. ನಿಲ್ಲಿಸೋದು ಟೈರಿನ ಹಿಡಿತ.

ಲೆಕ್ಕ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಿಡಿದ್ರೆ ಒಣ ರಸ್ತೆಯಲ್ಲಿ ಸುಮಾರು 5 ಮೀಟರಿಗೆ ನಿಲ್ಲಬಹುದು. ಐಸ್ ಮೇಲೆ ಸುಮಾರು 35 ಮೀಟರ್, ಅದೂ ಸಮತಟ್ಟಾಗಿದ್ರೆ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯೋ ಇಳಿಜಾರಾದ್ರೆ ನಿಲ್ಲದೇ ಹೋಗಬಹುದು. ಚೈನಿನ ಕೊಂಡಿಗಳು ಗಟ್ಟಿ ಹಿಮವನ್ನ, ಐಸನ್ನ ಕಚ್ಚಿ ಹಿಡಿಯುತ್ತವೆ.

ಈಗ ಕೆಲಸದ ಮಾತು. ಒಂದು, ಗಾಡಿಯ ಮ್ಯಾನ್ಯುಯಲ್ ಓದಿ. ಕೆಲವು ಗಾಡಿಗಳಲ್ಲಿ ಟೈರ್ ಸುತ್ತ ಜಾಗ ಸಾಲದೆ ಚೈನ್ ಹಾಕೋ ಹಾಗೇ ಇಲ್ಲ. ಎರಡು, ಟೈರಿನ ಬದಿಯ ಅಳತೆ ನೋಡಿಯೇ ಚೈನ್ ಕೊಳ್ಳಿ. ಮೂರು, ಒಂದೇ ಜೊತೆ ಇದ್ರೆ ಮುಂದಕ್ಕೋ ಹಿಂದಕ್ಕೋ ಅನ್ನೋದನ್ನ ಮ್ಯಾನ್ಯುಯಲ್ಲೇ ಹೇಳುತ್ತೆ. ಮುಂದೆ ಮಾತ್ರ ಹಾಕಿದ್ರೆ ಇಳಿಜಾರಲ್ಲಿ ಹಿಂಭಾಗ ತಿರುಗಿಬಿಡಬಹುದು. ಗಾಡಿ ಒಪ್ಪಿದ್ರೆ ನಾಲ್ಕಕ್ಕೂ ಹಾಕೋದು ಒಳ್ಳೇದು. ನಾಲ್ಕು, ಇಳಿಜಾರು ಶುರುವಾಗೋ ಮೊದಲೇ ಸಮತಟ್ಟು ಜಾಗದಲ್ಲಿ ಹಾಕಿ. ನೂರು ಮೀಟರ್ ಓಡಿಸಿ, ಮತ್ತೆ ಬಿಗಿ ಮಾಡಿ. ಐದು, ನಿಧಾನ, ಪ್ಯಾಕೆಟ್ ಮೇಲಿನ ವೇಗಮಿತಿ ದಾಟಬೇಡಿ. ಬರೀ ಡಾಂಬರು ಸಿಕ್ಕ ಕೂಡ್ಲೇ ಬಿಚ್ಚಿ, ಇಲ್ಲಾಂದ್ರೆ ಚೈನ್ ತುಂಡಾಗಿ ಗಾಡಿಗೇ ಬಡಿಯುತ್ತೆ.

ಕೊನೇದಾಗಿ, ಹೊರಡೋ ಮೊದಲು ನಿಮ್ಮ ಸೊಸೈಟಿ ಪಾರ್ಕಿಂಗಲ್ಲೇ ಎರಡು ಸಲ ಹಾಕಿ, ಬಿಚ್ಚಿ ಅಭ್ಯಾಸ ಮಾಡಿ. ಖರಾಡಿಯ ಬಿಸಿಲಲ್ಲಿ ವಾಚ್‌ಮನ್ ನಗ್ತಾನೆ, ನಗಲಿ ಬಿಡಿ. ಮೈನಸ್ ಐದರಲ್ಲಿ, ಕತ್ತಲಲ್ಲಿ, ಬೆರಳು ಮರಗಟ್ಟಿದಾಗ ಮೊದಲ ಸಲ ಕಲಿಯೋಕಾಗಲ್ಲ.

ಹುಷಾರಾಗಿ ಹೋಗಿ ಬನ್ನಿ.